ಕರಿಕೆ ಬಸ್ಸಿನ ಪೆನ್‌ಡ್ರೈವ್

ನನಗೆ ಕೋಪ ಮೂಗಿನ ತುದಿಯಲ್ಲೇ. ಮಡಿಕೇರಿಯ ನನ್ನ ಪುಟ್ಟ ಕಂಪ್ಯೂಟರ್ ಅಂಗಡಿಗೆ ಬರುವ ಮೇಷ್ಟ್ರುಗಳಿಗೆಲ್ಲ ಅದು ಗೊತ್ತು. ಆದರೂ ಬರುತ್ತಾರೆ. ಶಾಲೆಯ ಕೆಲಸಕ್ಕೆ ನಾಳೆ ಬನ್ನಿ ಎಂದವಳಲ್ಲ ನಾನು.

ಗಡಿಯಂಚಿನ ಒಂದು ಹೈಸ್ಕೂಲಿನಲ್ಲಿ ಇಂಟರ್ನೆಟ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಮಕ್ಕಳ ಫೋಟೊ, ಅರ್ಜಿಗಳನ್ನು ಪೆನ್‌ಡ್ರೈವಿಗೆ ಹಾಕಿ, ಲಕೋಟೆಯಲ್ಲಿಟ್ಟು ಕರಿಕೆ ಊರಿನಿಂದ ಮಡಿಕೇರಿಗೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಔಷಧಿ, ಮದುವೆ ಕಾಗದ ಎಲ್ಲ ಓಡಾಡುವುದೂ ಹಾಗೆಯೇ. ಮಕ್ಕಳ ಅರ್ಜಿಗಳನ್ನು ನಾನು ಇಲ್ಲಿಂದ ಶಿಕ್ಷಣ ಇಲಾಖೆಗೆ ಕಳಿಸುತ್ತಿದ್ದೆ.

ಒಂದು ವರ್ಷ ರಸ್ತೆ ಕುಸಿದು ಕೆಲವು ದಿನ ಬಸ್ಸು ನಿಂತಿತ್ತು. ಹತ್ತನೇ ತರಗತಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೆಯ ದಿನ ಬೆಳಿಗ್ಗೆ, ಮತ್ತೆ ಹೊರಟ ಮೊದಲ ಬಸ್ಸಿನಲ್ಲಿ ಪೆನ್‌ಡ್ರೈವ್ ಬಂತು. ತೆರೆದರೆ ಹತ್ತೊಂಬತ್ತು ಮಕ್ಕಳಲ್ಲಿ ಒಬ್ಬರ ಫೋಲ್ಡರೂ ಇಲ್ಲ! ವೈರಸ್ ಹೊಕ್ಕಿತ್ತು. ಮತ್ತೆ ತರಿಸಲು ಮರುದಿನದವರೆಗೆ ಬಸ್ಸಿಲ್ಲ. ಅರ್ಜಿ ಹೋಗದಿದ್ದರೆ ಮಕ್ಕಳು ಪರೀಕ್ಷೆಗೆ ಕೂರುವಂತಿಲ್ಲ. ಬಸ್‌ಸ್ಟ್ಯಾಂಡಿಗೆ ಓಡಿ ಕಂಡಕ್ಟರನ್ನು ಹಿಡಿದೆ.

"ಅಣ್ಣಾ, ಇದನ್ನ ಯಾರ ಕೈಗೆ ಕೊಟ್ಟಿದ್ರಿ?"

"ಯಾರಿಗೂ ಇಲ್ಲಮ್ಮಾ. ಖಾಲಿ ಜಾಗ ತುಂಬಾ ಇತ್ತಲ್ಲ, ಮೊಬೈಲ್ ಅಂಗಡೀಲಿ ನಾಲ್ಕು ಹಾಡು ಹಾಕಿಸ್ಕೊಂಡೆ. ಮಕ್ಕಳದ್ದು ಒಂದೂ ಅಳಿಸಿಲ್ಲ!"

"ನಿಮ್ಮ ಹಾಡಿಗಿಷ್ಟು ಬೆಂಕಿ ಹಾಕ!" ಎಂದು ಕೂಗಿದೆ. ಬಸ್‌ಸ್ಟ್ಯಾಂಡೇ ತಿರುಗಿ ನೋಡಿತು.

ಪುಣ್ಯಕ್ಕೆ ಆ ವೈರಸ್ ಕಡತಗಳನ್ನು ಅಳಿಸಿರಲಿಲ್ಲ, ಅಡಗಿಸಿಟ್ಟಿತ್ತು. ಹನ್ನೆರಡು ಸಾಲಿನ ಸ್ಕ್ರಿಪ್ಟ್, ಅಂದರೆ ಪುಟ್ಟದೊಂದು ಪ್ರೋಗ್ರಾಂ, ಬರೆದೆ. ಅದು ಅಡಗಿದ್ದನ್ನು ಹೊರಗೆಳೆದು, ಪ್ರತಿ ಮಗುವಿನ ಫೋಟೊ, ಅರ್ಜಿ ಎರಡೂ ಇವೆಯೇ ಎಂದು ನೋಡಬೇಕು. ಎಂಟರ್ ಒತ್ತಿದೆ. ಪರದೆಯ ಮೇಲೆ ಹತ್ತೊಂಬತ್ತೂ ಹೆಸರು ಬಂದವು. ಅಬ್ಬಾ, ಆ ಖುಷಿ! ಸಂಜೆ ನಾಲ್ಕಕ್ಕೆ ಕೊನೆಯ ಹುಡುಗಿಯ ಅರ್ಜಿ ಹೋಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇನ್ನೇನು, ತಟ್ಟಿಕೊಳ್ಳಬೇಡವೇ?

ಆ ಶನಿವಾರ ಅದೇ ಬಸ್ಸಿನಲ್ಲಿ ಶಾಲೆಗೆ ಹೋದೆ. ದಾರಿಯುದ್ದಕ್ಕೂ ಕಂಡಕ್ಟರ್ ಹಾಡು ಹಾಕಲಿಲ್ಲ. ಪೆನ್‌ಡ್ರೈವಿಗೆ ಪಾಸ್‌ವರ್ಡಿನ ಬೀಗ ಹಾಕಿ ಬೇರೆ ಯಾರೂ ತೆರೆಯದಂತೆ ಮಾಡುವುದನ್ನು ಮುಖ್ಯೋಪಾಧ್ಯಾಯಿನಿ ಮೇಡಂಗೆ ಕಲಿಸಿದೆ.

"ಪಾಸ್‌ವರ್ಡ್ ಚೀಟೀಲಿ ಬರೆದು ಕಳಿಸ್ಬೇಡಿ ಮೇಡಂ. ಫೋನಲ್ಲಿ ನನಗೊಬ್ಬಳಿಗೇ ಹೇಳಿ" ಎಂದೆ. ಅವರು ತಲೆಯಾಡಿಸಿ ಪ್ಯಾಷನ್ ಫ್ರೂಟ್ ಶರಬತ್ತು ಕೊಟ್ಟರು.

ಮುಂದಿನ ತಿಂಗಳು ಬೀಗ ಹಾಕಿದ ಪೆನ್‌ಡ್ರೈವ್ ಬಂತು. ಹಿಂದೆಯೇ ಫೋನ್. ಸಿಗ್ನಲ್ ಸಿಗುವ ದಿಬ್ಬ ಹತ್ತಿದ್ದ ಮೇಡಂ ಏದುಸಿರು ಬಿಡುತ್ತಿದ್ದರು.

"ಪಾಸ್‌ವರ್ಡ್ ಹೇಳಿ ಮೇಡಂ."

"ತಾಳಿ. ದನಿ ಸರಿಯಾಗಿ ಕೇಳ್ತಿಲ್ಲ, ಮಾತಾಡ್ತಿರೋದು ನೀವೇನಾ ಅಂತ ಗೊತ್ತಾಗ್ಬೇಕಲ್ಲ. ನಮ್ಮ ಶಾಲೇಲಿ ನಿಮಗೆ ಕುಡಿಯೋಕೆ ಏನು ಕೊಟ್ಟಿದ್ದೆ?"

ನನಗೆ ಸಿಟ್ಟು ಬಂದೇಬಿಟ್ಟಿತು. "ಏನ್ ಮೇಡಂ, ನನ್ನನ್ನೇ ಪರೀಕ್ಷೆ ಮಾಡ್ತೀರಾ?"

"ಮಕ್ಕಳ ವಿಷಯ ಅಲ್ವಾ? ಹೇಳಿ."

ಶರಬತ್ತು ಎಂದೆ. ಆಮೇಲೆಯೇ ಅವರು ಪಾಸ್‌ವರ್ಡ್ ಹೇಳಿದ್ದು. ಹೀಗೆ ಕೇಳಬೇಕೆಂದು ನಾನು ಅವರಿಗೆ ಕಲಿಸಿರಲಿಲ್ಲ. ಹತ್ತೊಂಬತ್ತು ಹೆಸರು ಬಂದ ದಿನಕ್ಕಿಂತ ಆವತ್ತು ನನಗೆ ಹೆಚ್ಚು ಹೆಮ್ಮೆಯಾಯಿತು.