ಪದ್ಮಣ್ಣ ಕಾಕಾರ ಧೋತರ ಮತ್ತು ಬಂಡ್ಯಾನ ಟೋಸ್ಟು

ನಾಯಿಗೆ ಬುದ್ಧಿ ಕಲಿಸಲು ಹೊರಟವನ ಜೇಬಿನಲ್ಲಿ ಸದಾ ಟೋಸ್ಟಿನ ಪುಡಿ ಇರುತ್ತದೆ. ಹಾಗಾಗಿ ನನ್ನನ್ನು ಈಗ ಇರುವೆಗಳಾದರೂ ಗೌರವದಿಂದ ಕಾಣುತ್ತವೆ.

ಬಂಡ್ಯಾ ಎಂಬ ಈ ನಾಯಿ ನಮ್ಮ ನೆಹರು ನಗರದ ಬಾಡಿಗೆ ಮನೆಗೆ ಬಂದದ್ದು ಖಾನಾಪುರದಿಂದ, ಹೆಂಡತಿಯ ತವರಿನ ಕೊಡುಗೆಯಾಗಿ. ತವರಿನಿಂದ ಬಂದದ್ದನ್ನು ಹಳಿಯುವ ಅಧಿಕಾರ ಯಾವ ಗಂಡನಿಗೂ ಇಲ್ಲ. ಖಾನಾಪುರದವನಾದ್ದರಿಂದ ಅವನಿಗೆ ಕನ್ನಡ, ಮರಾಠಿ ಎರಡೂ ಬರುತ್ತಿದ್ದವು. ಎರಡರಲ್ಲೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಕಂಡವರ ಮೈಮೇಲೆ ಮುಂಗಾಲಿಟ್ಟು ನಿಲ್ಲುವುದು ಅವನ ಚಟ. ಅದರಲ್ಲೂ, ಕೆಳಗಡೆ ವಾಸವಾಗಿರುವ ಮನೆಮಾಲೀಕ ಪದ್ಮಣ್ಣ ಕಾಕಾರ ಧೋತರವೆಂದರೆ ಅವನಿಗೆ ವಿಶೇಷ ಪ್ರೀತಿ. ಕಾಕಾ ಮಡಿಯುಟ್ಟು ಬಸದಿಗೆ ಹೊರಡುವ ಹೊತ್ತನ್ನೇ ಕಾದಿರುತ್ತಿದ್ದ.

“ಮಾಸ್ತರ್ರ, ಇನ್ನೊಮ್ಮಿ ಇದರ ಕಾಲು ನನ್ನ ಧೋತರಕ್ಕ ಹತ್ತಿತಂದ್ರ, ಅವತ್ತ ಸಂಜಿ ಬಸ್ಸಿಗೇ ಖಾನಾಪುರಕ್ಕ ಬಿಟ್ಟು ಬರ್ರಿ,” ಎಂದರು ಕಾಕಾ. “ಬಿಡಾಕ ಹೋದಾವ್ರು ತಿರುಗಿ ಬರೂದು ನಿಮಗ ಬಿಟ್ಟಿದ್ದು.”

ಹೆಂಡತಿ ಅಂದು ಊಟ ಮಾಡಲಿಲ್ಲ. ನಾನು ನಾಯಿ ಪಳಗಿಸುವ ಶಾಸ್ತ್ರದ ಅಧ್ಯಯನಕ್ಕೆ ತೊಡಗಿದೆ. ಹೊಡೆಯಬಾರದು, ಗದರಬಾರದು, ಹೇಳಿದಂತೆ ಕೂತರೆ ಕೂಡಲೇ ತಿನಿಸಿನ ತುಣುಕು ಕೊಡಬೇಕು, ಕೂರದಿದ್ದರೆ ಕೊಡಬಾರದು. ಬೆತ್ತದ ಪರಂಪರೆಯಿಂದ ನಿವೃತ್ತನಾದ ನನಗೆ ಇದು ಶಿಕ್ಷಣವೋ ಲಂಚವೋ ಎಂಬ ಶಂಕೆ ಮೂಡಿತು. ಆದರೂ ಕ್ಯಾಂಪ್ ಪ್ರದೇಶದ ಬೇಕರಿಯಿಂದ ಟೋಸ್ಟು ತಂದು ಶಾಲೆ ತೆರೆದೆ.

ಕೂರದಿದ್ದರೆ ಕೊಡಬಾರದೆಂಬ ಶಾಸ್ತ್ರದ ಉತ್ತರಾರ್ಧ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಬಂದವರಿಗೆ ಮೊದಲು ತಿನ್ನಲು ಕೊಟ್ಟು, ಬಂದ ಕೆಲಸವನ್ನು ಆಮೇಲೆ ಕೇಳುವುದು ನಮ್ಮ ಕಡೆಯ ರೂಢಿ.

“ಹಸದ ಜೀವಕ್ಕ ಎಂಥಾ ಪರೀಕ್ಷಾ ರೀ? ಮೊದಲ ತಿನ್ಲಿ, ಆಮ್ಯಾಲೆ ಕುಂದರ್ತಾನ,” ಎಂದಳು ಹೆಂಡತಿ. ಅವನು ತಿಂದು ಮಲಗಿದ.

ಇದಕ್ಕಿಂತ ದೊಡ್ಡ ಪ್ರಮಾದ ಇನ್ನೊಂದಿತ್ತು. ಕಾಕಾ ಎಚ್ಚರಿಸುವ ಮುನ್ನ, ಬಂಡ್ಯಾ ಅವರ ಮೇಲೆ ಹಾರಿದಾಗಲೆಲ್ಲ ಈಕೆ ಗಾಬರಿಯಾಗಿ ಟೋಸ್ಟು ತೋರಿಸಿ ಇಳಿಸುತ್ತಿದ್ದಳು. ಧೋತರಕ್ಕೆ ಕಾಲಿಟ್ಟರೆ ಟೋಸ್ಟು ಸಿಗುತ್ತದೆ ಎಂಬ ಪಾಠವನ್ನು ನಾವು ಬಹಳ ಶ್ರದ್ಧೆಯಿಂದ ಕಲಿಸಿದ್ದೆವು, ಅವನೂ ಕಲಿತಿದ್ದ. ಇದನ್ನು ತಿಳಿಸಿ ಹೇಳಿದೆ.

“ಹಂಗಾರ ಅಂವ ಶಾಣ್ಯಾ ಅದಾನ ಅಂದಂಗಾತು!” ಎಂದು ಆಕೆ ಹಿಗ್ಗಿದಳು.

ಮರುದಿನ ನೀರಿನ ಮೋಟಾರಿನ ವಿಷಯ ಮಾತಾಡಲು ಕಾಕಾ ಮೇಲೆ ಬಂದರು. ಬಂಡ್ಯಾ ಬಾಗಿಲಿಗೆ ನುಗ್ಗಿದ. ಹೆಂಡತಿ ಟೋಸ್ಟಿನ ಡಬ್ಬಿಗೆ ಕೈಹಾಕಿದಳು. ನಾನು ಮುಚ್ಚಳವನ್ನು ಒತ್ತಿ ಹಿಡಿದೆ.

“ಇದರ ಮಾರಿ ಸೈತ ನೋಡೂದಿಲ್ಲ ನಾ!” ಎಂದು ಕಾಕಾ ಧೋತರ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ಹಾರಿ ಬರುವ ನಾಯಿಗೆ ಬೆನ್ನು ತಿರುಗಿಸಿ ಸುಮ್ಮನಿರಬೇಕೆಂಬುದು ಶಾಸ್ತ್ರದ ಇನ್ನೊಂದು ಸೂತ್ರ. ಕಾಕಾ ಬರೀ ಸಿಟ್ಟಿನಿಂದಲೇ ಅದನ್ನು ಲೋಪವಿಲ್ಲದೆ ಪಾಲಿಸಿದ್ದರು. ಬಂಡ್ಯಾ ತಡೆದು ನಿಂತ. ಆ ಬೆನ್ನು ನೋಡಿದ, ಡಬ್ಬಿ ನೋಡಿದ. ಬೇರೆ ದಾರಿ ಕಾಣದೆ ಕೂತ.

“ಕಾಕಾ, ತಿರುಗಿ ನೋಡ್ರಿ, ಕುಂತಾನ!” ಎಂದು ಹೆಂಡತಿ ಕೂಗಿದಳು. ನಾನು ತುಣುಕನ್ನು ಕಾಕಾರ ಕೈಗೇ ಕೊಟ್ಟೆ. ಅವರು ಅಂಜುತ್ತ ನೀಡಿ, ಬೆರಳುಗಳೆಲ್ಲ ಸ್ವಸ್ಥಾನದಲ್ಲಿವೆಯೇ ಎಂದು ಪರೀಕ್ಷಿಸಿಕೊಂಡರು.

“ಇನ್ನೊಂದ್ ತುಣುಕು ಕೊಡ್ರಿ ಇತ್ತಾಗ,” ಎಂದರು. ಖಾನಾಪುರದ ಬಸ್ಸಿನ ಮಾತು ಮತ್ತೆ ಬರಲಿಲ್ಲ. ಮೋಟಾರಿನ ಮಾತೂ ಬರಲಿಲ್ಲ.

ಅವರು ಇಳಿದುಹೋದ ಮೇಲೆ ಈ ವಿಜಯಕ್ಕೆ ಮೂಲಕಾರಣ ನಾನೇ ಎಂದು ಸ್ವಲ್ಪ ಜೋರಾಗಿಯೇ ಸಾರಿದೆ. ಹೆಂಡತಿ ಒಲೆಯ ಕಡೆ ತಿರುಗಿದಳು. ದನಿ ಏರಿಸಿದೆ, ಬೆನ್ನು ಅಲುಗಲಿಲ್ಲ. ಕೊನೆಗೆ ಹೋಗಿ ಕುರ್ಚಿಯಲ್ಲಿ ಸುಮ್ಮನೆ ಕೂತೆ. ತುಸು ಹೊತ್ತಿಗೆ ಚಹಾ ಬಂತು, ಜೊತೆಗೊಂದು ಟೋಸ್ಟು.

ಮೇಲಿನ ತರಗತಿಯ ಹುಡುಗನನ್ನು ಒಂದನೇ ತರಗತಿಯ ಮಗು ನೋಡುವಂತೆ ಬಂಡ್ಯಾ ನನ್ನನ್ನೇ ನೋಡುತ್ತಿದ್ದ.