ಕ್ರಿಮಿಯ ಕಿವಿ

ಹಿಂದೂಪುರದ ಪಶುರೋಗ ಲ್ಯಾಬಿನ ಡಾಕ್ಟರಮ್ಮನ ಜೀಪನ್ನು ನಾನು ಓಡಿಸುತ್ತಿದ್ದೆ. ಮಾತು ಮಾತಿಗೂ ಅವರು "ಬಣ್ಣ ನೋಡ್ಬೇಡಿ, ಕಿವಿ ನೋಡಿ" ಎಂದು ತಮ್ಮದೇ ಕಿವಿಯ ತುದಿ ಹಿಡಿದು ಎಳೆಯುತ್ತಿದ್ದರು. ಕುರಿ ಕಾಯುವವರಿಂದ ಕಲಿತ ಮಾತದು. ಎರಡು ಮಂದೆ ಬೆರೆತರೆ ಕರಿ ಕುರಿಗಳೆಲ್ಲ ಒಂದೇ ಥರ. ಯಾರದೆಂದು ಹೇಳುವುದು ಒಡೆಯ ಕಿವಿಗೆ ಹಾಕಿದ ಕಚ್ಚು ಮಾತ್ರ.

ಕಲ್ಯಾಣದುರ್ಗ ದಾಟಿ ಕಂಬದೂರಿನ ಕಡೆ ಒಂದು ಮಂದೆಯಲ್ಲಿ ಕೆಲವು ಕುರಿಗಳು ಚೆನ್ನಾಗಿ ಮೇಯುತ್ತಲೇ ತಿಂಗಳುಗಟ್ಟಲೆ ಸೊರಗುತ್ತಿದ್ದವು. ರಕ್ತ ಪರೀಕ್ಷಿಸಿದರೆ ಗುಂಡಗಿದ್ದ ಕುರಿಗಳಿಗೂ ಅದೇ ರೋಗವೆಂದು ಬಂತು. ಮೇಲಧಿಕಾರಿ ಬಂದು, ಇಡೀ ಮಂದೆಯನ್ನೇ ಕೊಲ್ಲಿಸಿ ಎಂದರು. ಡಾಕ್ಟರಮ್ಮ ಕುರಿ ರೊಪ್ಪದ ಮುಳ್ಳುಬಾಗಿಲಿಗೆ ಅಡ್ಡ ನಿಂತರು.

"ಈ ಟೆಸ್ಟು ಬಣ್ಣ ನೋಡ್ತದೆ ಸಾರ್. ಮಣ್ಣಲ್ಲಿರೋ, ರೋಗ ತರದ ಸಾಧು ಕ್ರಿಮಿ ತಗಲಿದ್ರೂ ರೋಗ ಅಂತದೆ. ರೋಗದ ಕ್ರಿಮೀಲಿ ಮಾತ್ರ ಇರೋ ಪ್ರೋಟೀನ್ ಹುಡುಕ್ತಾ ಇದೀನಿ, ಅದೇ ಅದರ ಕಿವಿ ಕಚ್ಚು. ಸೊರಗಿರೋವನ್ನ ಬೇರೆ ಕೂಡಿ ಹಾಕಿಸ್ತೀನಿ. ಮಿಕ್ಕಿದ್ದನ್ನ ಮುಟ್ಟೋಕೆ ಬಿಡಲ್ಲ."

"ಅದು ಸಿಗದೇ ಹೋದ್ರೆ?"

"ಸಿಗೋವರ್ಗೂ ಹುಡುಕ್ತೀನಿ."

ಅಧಿಕಾರಿ ಸಿಟ್ಟಿನಿಂದ ಕಾರು ಹತ್ತಿ ಹೋದರು. ಮಂದೆಯ ಯಜಮಾನ ಅನುಮಾನದಿಂದ ಕೇಳಿದ: "ಏಮ್ಮಾ, ಕ್ರಿಮಿಗೂ ಕಿವಿ ಇರ್ತದಾ?"

ಡಾಕ್ಟರಮ್ಮ ಈ ಸಲ ತಮ್ಮ ಕಿವಿ ಮುಟ್ಟಲಿಲ್ಲ. ಗಾಳಿಯಲ್ಲಿ ಯಾರದೋ ಕಿವಿ ಹಿಡಿದಂತೆ ಎರಡು ಬೆರಳು ತಿರುವಿದರು.

"ಇರ್ತದೆ ಕಣಣ್ಣ. ಇನ್ನೂ ಕೈಗೆ ಸಿಕ್ಕಿಲ್ಲ, ಅಷ್ಟೇಯ. ಸಿಗ್ಲಿ, ಹಿಂಡಿ ಎಳ್ಕೊಂಡ್ ಬತ್ತೀನಿ!"