ಶನಿವಾರದ ಕೂಟದಲ್ಲಿ ಅವಳ ಹೆಸರು

ಪುಣೆಯ ಒಂದು ವಿಶ್ವವಿದ್ಯಾಲಯದಲ್ಲಿ ಮನೆಯಿಂದಲೇ ಓದುವ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪಾಠ ಮಾಡುವವರು ಬೇರೆ. ಪಾಠ ತಲೆಗೆ ಹತ್ತದವರಿಗೆ ಜೊತೆಗಾರರನ್ನು ಹುಡುಕಿಕೊಡುವುದು, ಒಂಟಿಯಾಗಿ ಓದುವವರನ್ನು ಒಂದೆಡೆ ಸೇರಿಸಿ ಹರಟೆಗೆ ಹಚ್ಚುವುದು, ಕೆಲಸದ ಸಂದರ್ಶನಕ್ಕೆ ಅಣಿಗೊಳಿಸುವುದು ನನ್ನ ಪಾಲಿನದು. ಅದಕ್ಕಾಗಿ ಶನಿವಾರ ಸಂಜೆ ಹಿಂಜವಾಡಿಯ ನನ್ನ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಹೆಚ್ಚಿನವರು ಕ್ಯಾಮೆರಾ ಹಾಕುವುದಿಲ್ಲ. ಪರದೆಯ ಮೇಲೆ ಹೆಸರುಗಳಷ್ಟೇ.

ಯಾದಗಿರಿ ಕಡೆಯ ಒಬ್ಬ ಹುಡುಗಿ ಆ ಗುಂಪಿನಲ್ಲಿದ್ದಳು. ಮದುವೆಯಾಗಿ ಪುಣೆ ಬಳಿಯ ತಳೇಗಾಂವಕ್ಕೆ ಬಂದವಳು. ಗಂಡ ಅಲ್ಲಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಬಿ.ಕಾಂ. ಸೇರಿ ಎರಡನೆಯ ವರ್ಷಕ್ಕೆ ಬಂದಿದ್ದಳು. ಎಲ್ಲರೊಂದಿಗೆ ಮರಾಠಿಯಲ್ಲಿ ಮಾತಾಡಿ, ಕೂಟ ಮುಗಿಯುವ ಹೊತ್ತಿಗೆ ನನ್ನೊಂದಿಗೆ ಕನ್ನಡಕ್ಕೆ ಹೊರಳುತ್ತಿದ್ದಳು.

"ಇಂಗ್ಲಿಷ್ ಅಂದ್ರ ಬಾಯಿನ ಕಟ್ತದ್ರಿ ಮೇಡಂ," ಎನ್ನುತ್ತಿದ್ದಳು.

ಸಂದರ್ಶನದಲ್ಲಿ ತನ್ನ ಬಗ್ಗೆ ಹೇಳಿಕೊಳ್ಳಲು ಇಂಗ್ಲಿಷಿನಲ್ಲಿ ಎರಡು ಸಾಲು ಕಳಿಸಿದೆ. ದಿನಾ ಗಟ್ಟಿಯಾಗಿ ಹೇಳಿಕೋ ಎಂದೆ.

ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿದವಳು ಮನೆಗೆ ಮರಳಲಿಲ್ಲ. ಗಂಡ ಫೋನ್ ಮಾಡಿ ತಿಳಿಸಿದ. ಆ ವಾರದ ಕೂಟವನ್ನು ಬೇಗ ಮುಗಿಸಿದೆ.

ಕೆಲವು ವಾರ ಕಳೆದ ಮೇಲೆ, ಒಂದು ಶನಿವಾರ, ಪರದೆಯ ಮೇಲೆ ಅವಳ ಹೆಸರು ಬಂತು.

ಏನೋ ಹೇಳುತ್ತಿದ್ದ ವಿದ್ಯಾರ್ಥಿ ಮಾತು ನಿಲ್ಲಿಸಿಬಿಟ್ಟ. ನಾನು ಅಭ್ಯಾಸಬಲದಿಂದ ಅವಳ ಹೆಸರು ಹಿಡಿದು ಕರೆದೆ. ಉತ್ತರ ಬರಲಿಲ್ಲ. ಕೂಟ ಮುಗಿಯುವವರೆಗೂ ಆ ಹೆಸರು ಅಲ್ಲೇ ಇತ್ತು. ಅವಳ ಗಂಡನಿಗೆ ಫೋನ್ ಮಾಡೋಣವೆಂದುಕೊಂಡೆ. ಏನೆಂದು ಕೇಳುವುದು?

ಮುಂದಿನ ಶನಿವಾರ ಸಂದರ್ಶನದ ಅಭ್ಯಾಸವಿತ್ತು. ಹೆಸರು ಮತ್ತೆ ಬಂದಿತ್ತು. ಅದರತ್ತ ನೋಡದೆ, ಒಬ್ಬ ವಿದ್ಯಾರ್ಥಿಗೆ ನಿಮ್ಮ ಬಗ್ಗೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳ ಮೈಕ್ ತೆರೆದುಕೊಂಡಿತು. ವಯಸ್ಸಾದ, ಒಣಗಿದ ದನಿಯೊಂದು ನಿಧಾನವಾಗಿ ಹೇಳಿತು:

"ಐ ಯಾಮ್ ಸೆಕೆಂಡ್ ಇಯರ್ ಬಿ.ಕಾಂ. ಐ ಲೈಕ್ ಅಕೌಂಟ್ಸ್. ಮೈ ಮದರ್-ಇನ್-ಲಾ ಹೆಲ್ಪ್ಸ್ ಮಿ ಟು ಸ್ಟಡಿ."

'ಅಕೌಂಟ್ಸ್' ಎನ್ನುವಾಗ ಅವಳು ಎಳೆಯುತ್ತಿದ್ದ ಹಾಗೆಯೇ ಎಳೆಯಿತು. ಒಬ್ಬ ಹುಡುಗಿ ಅಳುತ್ತ ಕೂಟ ಬಿಟ್ಟು ಹೋದಳು.

ಮರುದಿನ ತಳೇಗಾಂವಕ್ಕೆ ಹೋದೆ. ಸಾಲುಮನೆಗಳ ಚಾಳಿನ ಒಂದು ಕೋಣೆಯ ಬಾಗಿಲು ತೆರೆದವರು ಅವಳ ಅತ್ತೆ. ನಾನು ನಮಸ್ಕಾರ ಎಂದದ್ದೇ ದನಿಯಿಂದ ಗುರುತು ಹಿಡಿದರು.

"ಶನಿವಾರದ ಮೇಡಂ ಅಲ್ರಿ? ಬರ್ರಿ, ಒಳಗ ಬರ್ರಿ."

ಚಹಾ ಕೊಟ್ಟು, ಎದುರಿಗೆ ನೆಲದ ಮೇಲೆ ಕೂತರು. "ನಿಮ್ಮ ಹುಡುಗ್ರು ಅಂಜಿದ್ರೇನ್ರಿ? ಅಕಿ ದಿನಾ ರೊಟ್ಟಿ ಬಡಕೋತ ಅದನ್ನ ಹೇಳ್ತಿದ್ಳು. ಕೇಳಿ ಕೇಳಿ ನನಗೂ ಬಾಯಿಗೆ ಬಂತು. ಶನಿವಾರ ಕೈ ಹಿಟ್ಟಾಗಿದ್ರ ಅಕಿ ಫೋನ್ ನಾನ ಒತ್ತಿ ಕೊಡ್ತಿದ್ದೆ. ಈಗ ಮನಿ ಭಾಳ ಸುಮ್ಮನ ಅದ. ಶನಿವಾರ ಒತ್ತಿದ್ರ ನಿಮ್ಮ ಮಾತು ಬರ್ತದ, ಅಕಿ ಇಲ್ಲೇ ಕುಂತಂಗ ಆಗ್ತದ. ನೀವು ಕೇಳಿದ್ರಲ್ಲ, ಅಕಿ ಪಾಳಿ ಬಂತು ಅಂತ ಹೇಳಿಬಿಟ್ಟೆ."

"ಅದರ ಅರ್ಥ ಗೊತ್ತಾ ಅಮ್ಮ?"

"ಇಲ್ರಿ."

ಒಂದೊಂದಾಗಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ಚಹಾದ ಲೋಟ ಕೆಳಗಿಟ್ಟೆ. "ನನ್ನ ಅತ್ತೆ ನನಗೆ ಓದೋಕೆ ಸಹಾಯ ಮಾಡ್ತಾರೆ, ಅಂತ. ಅದನ್ನ ನಾನು ಬರೆದುಕೊಟ್ಟಿರಲಿಲ್ಲ. ಅವಳೇ ಸೇರಿಸಿಕೊಂಡಿದ್ದಾಳೆ."

ಅವರು ಒಲೆಯ ಕಡೆಗೆ ತಿರುಗಿದರು. "ನನ್ನ ಮುಂದನ ಹೇಳ್ತಿದ್ಳು," ಎಂದರು. "ನನಗ ತಿಳೀಲಿಲ್ಲ."

ವಿದ್ಯಾರ್ಥಿಗಳಿಗೆ ಎಲ್ಲವನ್ನೂ ಹೇಳಿದೆ. ಅತ್ತೆ ಕೂಟಕ್ಕೆ ಬರುವುದು ಬೇಡವೆಂದು ಯಾರೂ ಅನ್ನಲಿಲ್ಲ. ಅತ್ತು ಹೋಗಿದ್ದ ಹುಡುಗಿಯೇ ಮುಂದೆ ಪ್ರತಿ ಶನಿವಾರ ಮೊದಲು "ನಮಸ್ಕಾರ ಆಜಿ" ಎಂದು ಮರಾಠಿಯಲ್ಲಿ ಅಜ್ಜಿಯನ್ನು ಮಾತಾಡಿಸುತ್ತಿದ್ದಳು. ಅವರು ಮತ್ತೆ ಆ ಸಾಲುಗಳನ್ನು ಹೇಳಲಿಲ್ಲ. ಸುಮ್ಮನೆ ಕೇಳುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ವಿಶ್ವವಿದ್ಯಾಲಯ ಅವಳ ಖಾತೆಯನ್ನು ಮುಚ್ಚಿತು. ತಿಳಿಸಲು ಫೋನ್ ಮಾಡಿದಾಗ, "ಆಗ್ಲಿ ಬಿಡ್ರಿ, ಎಷ್ಟು ದಿನಾಂತ," ಎಂದರು.

ಈಗ ಹೊಸ ಗುಂಪು ಬಂದಿದೆ. ಪ್ರಶ್ನೆ ಕೇಳಿದಾಗ ಕೆಲವು ಹೆಸರುಗಳು ಸುಮ್ಮನಿರುತ್ತವೆ. ನೆಟ್‌ವರ್ಕ್ ಹೋಗಿರಬೇಕು, ಇಲ್ಲವೇ ಸಂಕೋಚವಿರಬೇಕು. ಆದರೂ ಮುಂದಿನವರನ್ನು ಕರೆಯಲು ನನಗೆ ಬಾಯಿ ಬರುವುದಿಲ್ಲ. ಕಾಯುತ್ತ ಕೂತಿರುತ್ತೇನೆ.